ಅಲ್ಲೇ ಬಿಟ್ಟು ಬರಬೇಕಿದ್ದ ಚೀಟಿ

ಯಾರಿಗೂ ಗೊತ್ತಿಲ್ಲದ ಊರಿಗೆ ಹೋಗಿ ಬಂದವನಿಗೆ ಒಂದು ದೊಡ್ಡ ಅನುಕೂಲವಿದೆ. ಅವನ ಮಾತನ್ನು ಯಾರೂ ತಿದ್ದಲಾರರು. ಕ್ಯೋಟೋಗೆ ಹೋಗಿ ಬಂದೆ ಎಂದು ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ, ನಮ್ಮವರು ಒಂದೊಂದು ಅಡುಗೆ ತಂದು ಕೂಡುವ ಯಾವುದಾದರೂ ಪಾಟ್‌ಲಕ್ಕಿನಲ್ಲಿ ಬಾಯಿ ಬಿಟ್ಟು ನೋಡಿ. ಬಿಸಿಬೇಳೆಭಾತಿನ ತಟ್ಟೆ ಹಿಡಿದ ನಾಲ್ಕು ಜನ ಸುತ್ತ ನಿಂತು, "ಚಿನ್ನದ ದೇವಸ್ಥಾನ ನೋಡಿದ್ರಾ? ಬಿದಿರಿನ ಕಾಡು? ಅದನ್ನೇ ಬಿಟ್ಟು ಬಂದ್ರಾ?" ಎಂದು ನಿಮ್ಮ ಪ್ರವಾಸಕ್ಕೆ ಅಂಕ ಕೊಟ್ಟು ಫೇಲು ಮಾಡಿ ಕಳಿಸುತ್ತಾರೆ. ಅದೇ ಜಪಾನಿನ ಮೂಲೆಯ ತ್ಸುವಾನೊ ಎನ್ನಿ. ಆಮೇಲೆ ನೀವು ಹೇಳಿದ್ದೇ ಭೂಗೋಳ.

ನಾನೂ ಪದ್ಮನೂ ಅಲ್ಲಿಗೆ ಹೋದದ್ದು ಮಾತ್ರ ಈ ಅನುಕೂಲಕ್ಕಲ್ಲ. ಅದು ರಿಸೆಷನ್ನಿನ ಕಾಲ. ಮನೆ ಶಿಕಾಗೋ ಹತ್ತಿರದ ಲೈಲ್‌ನಲ್ಲಿ, ಮನೆಯಿಂದ ಎರಡು ಎಕ್ಸಿಟ್ ಆಚೆ ನನ್ನ ಹೆಂಡತಿ ಪದ್ಮನ ಆಫೀಸು. ನನ್ನ ಕೆಲಸ ಡೆಟ್ರಾಯಿಟಿನ ಪಕ್ಕದ ನೋವೈಯಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಜಪಾನಿ ಕಂಪನಿಯ ಪುಟ್ಟ ಬ್ರಾಂಚಿನಲ್ಲಿ. ಸೋಮವಾರ ನಸುಕಿಗೆ ಹೊರಟರೆ ಶುಕ್ರವಾರ ಸಂಜೆ ವಾಪಸ್ಸು. ಆ ಜೂನಿನಲ್ಲಿ ಪದ್ಮನ ಕೆಲಸ ಹೋಯಿತು. ಅಷ್ಟು ವರ್ಷ ಕೂತ ಕುರ್ಚಿಯಿಂದ ಅವಳು ಮನೆಗೆ ತಂದದ್ದು ಒಂದು ರಟ್ಟಿನ ಡಬ್ಬ. ಅದರಲ್ಲಿ ಕಾಫಿ ಮಗ್ಗು, ಎ.ಸಿ.ಯ ಚಳಿಗೆ ಹೊದೆಯುತ್ತಿದ್ದ ಶಾಲು, ಖರ್ಚಾಗದೆ ಉಳಿದ ವಿಸಿಟಿಂಗ್ ಕಾರ್ಡುಗಳ ಕಟ್ಟು.

ಆ ಕಾರ್ಡೇ ಕಷ್ಟಕ್ಕೆ ಬಂತು. ಅದರದೊಂದು ಪ್ರತಿ ಮೈಸೂರಿನಲ್ಲಿ ಅವಳ ಅಪ್ಪನ ಶರ್ಟಿನ ಜೇಬಿನಲ್ಲಿತ್ತು. ಅವರ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದೇ ಕರೆಯುವುದು. ಪೆನ್ಷನ್ನಿನ ಸಾಲಿನಲ್ಲಿ, ಹಾಲಿನ ಬೂತಿನಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವುದಕ್ಕೆ ಮುಂಚೆ, ಅಣ್ಣ ಅದನ್ನು ತೆಗೆದು ತೋರಿಸುತ್ತಿದ್ದರು. ಅವರಿಗೆ ಹೇಗೆ ಹೇಳುವುದು? ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವರ ಫೋನು ಬರುತ್ತಿತ್ತು. ಮೊದಲ ವಾರ ಪದ್ಮ "ಎಲ್ಲಾ ಚೆನ್ನಾಗಿದೆ ಅಣ್ಣ" ಎಂದಳು. ಅಣ್ಣ ಅಷ್ಟಕ್ಕೆ ಬಿಡುವ ಜನವಲ್ಲ, ಅವರಿಗೆ ವಿವರ ಬೇಕು. ಹಾಗಾಗಿ ಮುಂದಿನ ವಾರ ಒಂದು ಹೊಸ ಪ್ರಾಜೆಕ್ಟು ಬಂತು. ಅದರ ಹಿಂದೆ ಕ್ಯಾರಲ್ ಎಂಬ ಹೊಸ ಮ್ಯಾನೇಜರು ಬಂದಳು. ಕ್ಯಾರಲ್‌ಗೆ ಸೊಂಟ ನೋವು ಬಂತು, ಅವಳ ಮಗಳಿಗೆ ಮದುವೆ ಗೊತ್ತಾಯಿತು. ಕಾಫಿ ಹೀರುತ್ತ ಕೇಳುತ್ತಿದ್ದ ನನಗೆ, ಇಲ್ಲದ ಆ ಆಫೀಸು ನನ್ನ ಇರುವ ಆಫೀಸಿಗಿಂತ ಚೆನ್ನಾಗಿ ನಡೆಯುತ್ತಿದೆ ಅನ್ನಿಸುತ್ತಿತ್ತು.

ಫೋನಿಟ್ಟ ಮೇಲೆ ಪದ್ಮ ಮಾತಾಡುತ್ತಿರಲಿಲ್ಲ. ವಾರದ ಮಾತೆಲ್ಲ ಆ ಅರ್ಧ ಗಂಟೆಗೇ ಮುಗಿದುಹೋದ ಹಾಗೆ. ನಗುವಂತೂ ನಿಂತೇ ಹೋಗಿತ್ತು. ಅವಳ ನಗು ಸಾಮಾನ್ಯದ್ದಲ್ಲ. ಅಡುಗೆಮನೆಯಲ್ಲಿ ನಕ್ಕರೆ ಗರಾಜಿನಲ್ಲಿರುವವನಿಗೂ ಯಾಕೆಂದು ಕೇಳಬೇಕು ಅನ್ನಿಸುವಂಥದ್ದು. ಅದಿಲ್ಲದ ಮನೆಗೆ ಶುಕ್ರವಾರ ಸಂಜೆ ಬಂದು ಬಾಗಿಲು ತೆರೆದರೆ, ತಪ್ಪಿ ಪಕ್ಕದ ಮನೆಗೆ ನುಗ್ಗಿದೆನೇನೋ ಎಂಬ ಅನುಮಾನವಾಗುತ್ತಿತ್ತು.

ಹಿಂದೆ ಕಂಪನಿ ನನ್ನನ್ನು ಊರೂರಿಗೆ ಹಾರಿಸುತ್ತಿದ್ದಾಗ ಕೂಡಿಬಿದ್ದ, ಪುಕ್ಕಟೆ ಟಿಕೆಟ್ಟಿಗೆ ಬರುವ ಏರ್‌ಲೈನ್ ಮೈಲುಗಳು ಆ ವರ್ಷದ ಕೊನೆಗೆ ಸತ್ತುಹೋಗುವುದರಲ್ಲಿದ್ದವು. "ಅಣ್ಣನ್ನ ನೋಡ್ಕೊಂಡು ಬರೋಣ" ಎಂದೆ.

"ಬೆಂಗಳೂರಲ್ಲಿ ಇಳಿದು ಮೈಸೂರು ಸೇರೋಷ್ಟರಲ್ಲಿ ನಾಲ್ಕು ಜನ ಕೇಳ್ತಾರೆ, ಆಫೀಸ್ ಹೇಗಿದೆ ಅಂತ. ಯಾರೂ ಏನೂ ಕೇಳದೆ ಇರೋ ಊರಿದ್ರೆ ಹೇಳಿ, ಬರ್ತೀನಿ" ಎಂದಳು.

ಈ ಪ್ರಶ್ನೆಯನ್ನು ಹಾಗೇ ನೋವೈಗೆ ಒಯ್ದು ಪಕ್ಕದ ಮೇಜಿನ ಮೊರಿತಾ ಸಾನ್ ಮುಂದಿಟ್ಟೆ. 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಹೊರಗೆ ಸ್ನೋ ಬೀಳುತ್ತಿದೆಯೇ ಎಂದು ಕೇಳಿದರೂ ಎರಡು ನಿಮಿಷ ಯೋಚಿಸಿ ಉತ್ತರ ಕೊಡುವ ಮನುಷ್ಯ. ಅಂದು ಇನ್ನೂ ಹೆಚ್ಚು ಯೋಚಿಸಿ, ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಒಂದು ರೈಲಿನ ಗೆರೆ ಎಳೆದರು. "ಕ್ಯೋಟೋ ಬೇಡ. ನಮ್ಮ ಕಡೆಗೆ ಹೋಗಿ. ಅಲ್ಲಿ ಇಂಗ್ಲಿಷ್ ಬರುವವರು ಕಡಿಮೆ. ಕೇಳಬೇಕೆಂದರೂ ಕೇಳಲಾರರು."

ನವೆಂಬರಿನಲ್ಲಿ ಹೋದೆವು. ದಾರಿಯಲ್ಲಿ ಮೊದಲು ಸಿಕ್ಕದ್ದು ಉಪ್ಪಿನ ವ್ಯಾಪಾರಿಗಳು ಕಟ್ಟಿದ ತಾಕೆಹಾರ ಎಂಬ ಊರು. ಉಪ್ಪು ಹೋಯಿತು, ವ್ಯಾಪಾರಿಗಳೂ ಹೋದರು, ಮರದ ಜಾಲರಿಯ ಕಿಟಕಿಗಳು ಮಾತ್ರ ಯಾರೋ ಈಗ ಒಳಗಿಂದ ಇಣುಕುತ್ತಾರೆ ಎಂಬಂತೆ ನಿಂತಿವೆ. ಮತ್ತೊಂದೂರಿನ ಕೊಳದ ನಡುವೆ ಒಂದು ಗೂಡಿನಂಥ ಗುಡಿ. ಒಳಗೆ ತಂತಿವಾದ್ಯ ಹಿಡಿದು ಕೂತ ಹೆಣ್ಣು ದೇವತೆ. ಬೆಂಜೈತೆನ್ ಎಂದು ಹೆಸರಂತೆ. ಪದ್ಮ ಒಂದೇ ನೋಟಕ್ಕೆ, "ಸರಸ್ವತಿ, ವೀಣೆ ಮಾತ್ರ ಚಿಕ್ಕದು" ಎಂದಳು. ಬೌದ್ಧರ ಜೊತೆ ಚೀನಾ ದಾಟಿ ಬಂದ ನಮ್ಮ ದೇವರುಗಳು ಅಲ್ಲಿ ಹೆಸರು ಬದಲಿಸಿಕೊಂಡು ಸುಖವಾಗಿದ್ದಾರೆ. ಹಳೆಯ ಕಲ್ಲುಗಳ ಮೇಲೆ ಸಂಸ್ಕೃತದ ಬೀಜಾಕ್ಷರಗಳೂ ಉಂಟು. ಅಂಥದೊಂದು ಕಲ್ಲಿನ ಮುಂದೆ ನಿಂತು, ಓದಿಬಿಡುತ್ತೇನೆ ಎಂದು ಹದಿನೈದು ನಿಮಿಷ ಒದ್ದಾಡಿದೆ. ಪದ್ಮ ಅಷ್ಟೂ ಹೊತ್ತು ತಾಳ್ಮೆಯಿಂದ ಎರಡು ಕಿತ್ತಳೆ ಸುಲಿದು ತಿಂದಳು.

ತ್ಸುವಾನೊಗೆ ಹೋಗುವ ರೈಲಿಗೆ ಎರಡೇ ಡಬ್ಬಿ. ಗುಡ್ಡಗಳ ಸಂದಿಯಲ್ಲಿ ಮಂಜಿನೊಳಕ್ಕೆ ಹೋಗಿ, ಮಂಜಿನಿಂದ ಹೊರಬಂದು, ಯಾವುದು ನಿದ್ದೆ ಯಾವುದು ಕಿಟಕಿ ಎಂದು ತಿಳಿಯದಿರುವಾಗ ಊರು ಬಂತು. ಕೆಂಗಂದು ಹೆಂಚಿನ ಮನೆಗಳು, ಬಿಳಿ ಗೋಡೆಗಳು, ಬೀದಿಯ ಪಕ್ಕದಲ್ಲಿ ಕಾಲುವೆ. ಆ ಕಾಲುವೆಯ ತುಂಬ ಬಣ್ಣಬಣ್ಣದ ಮೀನು. ಒಂದೊಂದೂ ಮಗುವಿನ ತೊಡೆಯಷ್ಟು ದಪ್ಪ. ಬರಗಾಲ ಬಂದರೆ ತಿನ್ನಲಿಕ್ಕಿರಲಿ ಎಂದು ಹಿಂದಿನವರು ಸಾಕಿದ್ದಂತೆ. ಸಾಕುತ್ತ ಸಾಕುತ್ತ ಅವಕ್ಕೆ ತಿನ್ನಿಸುವುದೇ ಅಭ್ಯಾಸವಾಗಿ, ತಿನ್ನುವುದು ಮರೆತೇಹೋಗಿರಬೇಕು. ಪದ್ಮ ಕಾಲುವೆಯ ಅಂಚಿನಲ್ಲಿ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದಳು. ನಾನೂ ಕೂತೆ. ಒಂದು ಬಿಳಿ ಮೀನು ನೀರಿಗೆದುರಾಗಿ ಈಜುತ್ತ ಇದ್ದಲ್ಲೇ ಇತ್ತು. ಯಾರೂ ಏನೂ ಕೇಳಲಿಲ್ಲ.

ಊರ ಮೇಲಿನ ಗುಡ್ಡದಲ್ಲಿ ಇನಾರಿ ದೇವರು. ಅಲ್ಲಿಗೆ ಹೋಗುವ ಮೆಟ್ಟಿಲುಗಳ ಮೇಲೆ ಒಂದಕ್ಕೊಂದು ತಾಗುವಂತೆ ಕೆಂಪು ಕಮಾನುಗಳು; ಹತ್ತುತ್ತಿದ್ದರೆ ಕುಂಕುಮದ ಭರಣಿಯೊಳಗೆ ನಡೆದಂತೆ. ಮೊದಲ ಕಮಾನಿನ ಹತ್ತಿರ ಬೂಟು ಬಿಟ್ಟು ಬರಿಗಾಲಲ್ಲಿ ಹತ್ತಿದೆವು. ಅಲ್ಲಿ ಹಾಗೆ ಯಾರೂ ಮಾಡುವುದಿಲ್ಲವೆಂದು ಪಾದ ಮರಗಟ್ಟಿದ ಮೇಲೆ ತಿಳಿಯಿತು. ಈ ದೇವರ ದೂತ ನರಿ. ಎಲ್ಲಿ ನೋಡಿದರೂ ಕಲ್ಲಿನ ನರಿ, ಅವಕ್ಕೆ ಕರಿದ ತೋಫುವಿನ ನೈವೇದ್ಯ. ನಮ್ಮಲ್ಲಿ ಯಾರಿಗಾದರೂ ಒಳ್ಳೆಯದಾದರೆ ಬೆಳಿಗ್ಗೆ ನರಿಯ ಮುಖ ನೋಡಿ ಎದ್ದೆಯಾ ಎಂದು ಕೇಳುತ್ತೇವೆ. ಇಷ್ಟು ನರಿಗಳನ್ನು ಒಟ್ಟಿಗೆ ನೋಡಿದ ಮೇಲೆ ಇನ್ನೇನು ಬೇಕು?

ಅಲ್ಲೊಂದು ಮರದ ಡಬ್ಬ. ಕುಲುಕಿದರೆ ನಂಬರಿನ ಕಡ್ಡಿ ಬೀಳುತ್ತದೆ, ಆ ನಂಬರಿಗೆ ಜಪಾನಿಯಲ್ಲಿ ಬರೆದ ಭವಿಷ್ಯದ ಚೀಟಿ ಕೊಡುತ್ತಾರೆ. ಪದ್ಮ ಕಣ್ಣು ಮುಚ್ಚಿ ಕುಲುಕಿದಳು. ಚೀಟಿ ಕೊಟ್ಟ ಹುಡುಗಿ ಅದನ್ನು ನೋಡಿ, ಪದ್ಮನನ್ನು ನೋಡಿ, ಪಕ್ಕದ ತಂತಿಗಳ ಕಡೆ ಕೈ ತೋರಿಸಿದಳು. ತಂತಿಯ ತುಂಬ ಮಡಿಸಿ ಗಂಟು ಹಾಕಿದ ನೂರಾರು ಚೀಟಿಗಳು. "ಅವು ಹರಕೆ ಕಟ್ಟಿರೋದು. ನಮ್ಮಲ್ಲಿ ಮರಕ್ಕೆ ತೊಟ್ಟಿಲು ಕಟ್ಟಲ್ವ, ಹಾಗೆ" ಎಂದು ನಾನು ವಿವರಿಸಿದೆ. ತಿಳಿಯದ ವಿಷಯವನ್ನು ವಿವರಿಸುವುದರಲ್ಲಿ ನನ್ನದು ಪಳಗಿದ ಕೈ. ಪದ್ಮ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟಳು. ದೇವಸ್ಥಾನದಲ್ಲಿ ಕೈಗೆ ಬಂದದ್ದು ಹೂವಿರಲಿ, ಎಲೆಯಿರಲಿ, ಅಲ್ಲೇ ಬಿಟ್ಟು ಬರಬಾರದೆಂದು ನನ್ನ ದೊಡ್ಡಮ್ಮ ನನಗೂ, ಅವಳ ಅಜ್ಜಿ ಅವಳಿಗೂ ಕಲಿಸಿದ್ದರು.

ಚೀಟಿ ಲೈಲ್‌ಗೆ ಬಂತು. ದೇವರ ಗೂಡಿನಲ್ಲಿ ಸರಸ್ವತಿಯ ಪಕ್ಕ ಕೂತಿತು. ದಿನವೂ ಅರಿಸಿನ, ಕುಂಕುಮ, ಹೂವು. ಪದ್ಮ ಮೂರು ಇಂಟರ್‌ವ್ಯೂಗೆ ಅದನ್ನು ಜೊತೆಯಲ್ಲೇ ಒಯ್ದಳು. ಮೂರು ಕಡೆಯೂ ಆಗಲಿಲ್ಲ. ಪಕ್ಕದೂರು ಡೌನರ್ಸ್ ಗ್ರೋವಿನ ಗೆಳತಿಯರು, "ಸಿಗುತ್ತೆ ಬಿಡು ಪದ್ಮ, ಸಿಕ್ಕೇ ಸಿಗುತ್ತೆ" ಎನ್ನುತ್ತಿದ್ದರು. ನಾನೂ ಎನ್ನುತ್ತಿದ್ದೆ. ಮೈಸೂರಿಗೆ ಮಾತ್ರ ಏನೂ ಗೊತ್ತಿಲ್ಲ. ಜಪಾನಿನ ಸುದ್ದಿಯನ್ನೂ ಹೇಳುವಂತಿರಲಿಲ್ಲ. ಹೇಳಿದರೆ ಕ್ಯಾರಲ್ ರಜ ಕೊಟ್ಟದ್ದು ಹೇಗೆಂಬ ಪ್ರಶ್ನೆ ಬರುತ್ತಿತ್ತು.

ಫೆಬ್ರವರಿಯಲ್ಲಿ ಕಂಪನಿಯವರು ಮೊರಿತಾ ಸಾನ್‌ರನ್ನು ಊರಿಗೆ ವಾಪಸ್ಸು ಕರೆಸಿಕೊಂಡರು. ವಿಮಾನ ಶಿಕಾಗೋದಿಂದ, ಭಾನುವಾರ ಮಧ್ಯಾಹ್ನ. ಶನಿವಾರವೇ ನಮ್ಮ ಮನೆಗೆ ಬಂದಿದ್ದರು. ಮರುದಿನ ಬೆಳಿಗ್ಗೆ ಪದ್ಮ ದೋಸೆ ಹುಯ್ಯುತ್ತಿದ್ದಾಗ ದೇವರ ಗೂಡಿನ ಮುಂದೆ ಕೈ ಮುಗಿದು ನಿಂತವರು, ಹಾಗೇ ನಿಂತುಬಿಟ್ಟರು. ಹಲ್ಲಿನ ಸಂದಿಯಿಂದ ನಿಧಾನವಾಗಿ ಗಾಳಿ ಒಳಗೆಳೆದುಕೊಂಡರು. ಕಾರ್ಖಾನೆಯಲ್ಲಿ ಬಿಡಿಭಾಗದ ಅಚ್ಚೇ ಒಡೆದುಹೋದ ಸುದ್ದಿ ಬಂದಾಗಲೂ ಅವರು ಇಷ್ಟು ಉದ್ದಕ್ಕೆ ಎಳೆದದ್ದನ್ನು ನಾನು ಕೇಳಿರಲಿಲ್ಲ.

"ಪದ್ಮಾ ಸಾನ್, ಇದನ್ನು ಅಲ್ಲೇ ತಂತಿಗೆ ಕಟ್ಟಿ ಬರಬೇಕಿತ್ತು."

"ಯಾಕೆ?"

"ಕೆಟ್ಟದ್ದು ಬಂದರೆ ಅಲ್ಲೇ ಬಿಟ್ಟು ಬರುವುದು ಪದ್ಧತಿ. ಇದು ಸ್ವಲ್ಪ..." ಎಂದು ನಿಲ್ಲಿಸಿ ಪ್ರಾಮಾಣಿಕವಾಗಿ ಯೋಚಿಸಿದರು. "ಸ್ವಲ್ಪ ಅಲ್ಲ. ಇದಕ್ಕಿಂತ ಕೆಟ್ಟದ್ದು ಬರುವುದಿಲ್ಲ."

ಪದ್ಮ ಸೌಟು ಹಿಡಿದೇ ಬಂದಳು. "ಓದಿ. ಪೂರ್ತಿ ಓದಿ."

ಅವರು ಕುಂಕುಮ ಒರೆಸಿ ಒಂದೊಂದೇ ಸಾಲು ಓದಿ ಹೇಳಿದರು. ನೀವು ಯಾರಿಗಾಗಿ ಕಾಯುತ್ತೀರೋ ಅವರು: ಬರುವುದಿಲ್ಲ. ವ್ಯಾಪಾರ: ನಷ್ಟ. ಪ್ರಯಾಣ: ಹೊರಡದಿರುವುದು ಒಳ್ಳೆಯದು. ಕಳೆದುಹೋದದ್ದು: ಸಿಗುವುದಿಲ್ಲ.

"ಕೊನೇದು ಇನ್ನೊಂದ್ಸಲ ಓದಿ."

"ಕಳೆದುಹೋದದ್ದು, ಸಿಗುವುದಿಲ್ಲ."

ಪದ್ಮ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಸೌಟನ್ನು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು. ಎಂಟು ತಿಂಗಳ ನಗು ಬಾಕಿಯಿತ್ತಲ್ಲ. "ಇಷ್ಟು ದಿನ ಎಲ್ಲರೂ ಸಿಗುತ್ತೆ ಸಿಗುತ್ತೆ ಅಂತ ತಲೆ ತಿಂದ್ರಿ. ನರಿ ದೇವರೊಬ್ಬರೇ ನೋಡಿ ನೆಟ್ಟಗೆ ಹೇಳಿರೋದು. ನಾನು ದಿನಾ ಹೂವಿಟ್ಟು ಕೇಳ್ತಿದ್ದೆ, ಅವರೂ ದಿನಾ ಹೇಳ್ತಾನೇ ಇದ್ರು." ಮೊರಿತಾ ಸಾನ್ ಗಾಬರಿಯಿಂದ, ತಮ್ಮ ತಾಯಿಯ ಮನೆ ಆ ಗುಡ್ಡದಿಂದ ಎರಡೇ ಸ್ಟೇಷನ್ನು, ಒಯ್ದು ತಾವೇ ಕಟ್ಟುವುದಾಗಿ ಹೇಳಿದರು.

ಅಷ್ಟರಲ್ಲಿ ಫೋನು ಬಂತು. ಎಂಟು ಗಂಟೆ. ಕೈಯೆಲ್ಲ ಹಿಟ್ಟಾದ್ದರಿಂದ ಪದ್ಮ ಸ್ಪೀಕರಿನ ಗುಂಡಿಯನ್ನು ಮೊಣಕೈಯಿಂದ ಒತ್ತಿದಳು.

"ಪದ್ದೂ, ಹೇಗಿದೀಯಮ್ಮ? ಆಫೀಸು?"

ಅವಳು ನನ್ನ ಕಡೆ ನೋಡಲಿಲ್ಲ. "ಅಣ್ಣ, ನನ್ನ ಕೆಲಸ ಹೋಗಿದೆ. ಜೂನ್‌ನಲ್ಲೇ ಹೋಯ್ತು. ನಿಮಗೆ ಸುಳ್ಳು ಹೇಳ್ಕೊಂಡು ಬಂದೆ."

ಆ ಕಡೆ ಟಿವಿಯ ಸದ್ದು ನಿಂತಿತು. ದೋಸೆ ಸೀಯುವ ವಾಸನೆ ಬಂದು ನಾನು ಒಲೆ ಆರಿಸಿದೆ.

"ಹಾಗಾದ್ರೆ ಆ ಕ್ಯಾರಲ್ಲು?"

"ಕ್ಯಾರಲ್ ಅನ್ನೋರೇ ಇಲ್ಲ ಅಣ್ಣ."

"ಅಲ್ವೇ, ಅವಳ ಸೊಂಟಕ್ಕೆ ಅಂತ ಪಂಡಿತರ ಹತ್ರ ಎಣ್ಣೆ ಮಾಡಿಸಿಟ್ಟಿದೀನಲ್ಲೇ. ಎರಡು ಬಾಟ್ಲು."

"ನೀವೇ ಹಚ್ಕೊಳ್ಳಿ ಅಣ್ಣ."

"ಹಚ್ಕೊಳ್ತಾನೇ ಇದೀನಿ. ಚೆನ್ನಾಗಿದೆ." ಜೇಬು ತಡಕಿದ ಸದ್ದು ಕೇಳಿಸಿತು. "ನಿನ್ನ ಕಾರ್ಡು ಜೇಬಲ್ಲೇ ಇದೆ. ಇರ್ಲಿ ಬಿಡು. ಫೋನ್ ನಂಬರು ಹಳೇದಾಯ್ತು, ಹೆಸರು ನಿಂದೇ ತಾನೆ?"

ಪದ್ಮ ತೋಳಿಗೆ ಕಣ್ಣೊರೆಸಿಕೊಂಡಳು.

"ಸರಿ," ಎಂದರು ಅಣ್ಣ. ದನಿಯಲ್ಲಿ ನಿಜವಾದ ಚಿಂತೆಯಿತ್ತು. "ಇನ್ಮೇಲೆ ಭಾನುವಾರ ಭಾನುವಾರ ಏನು ಮಾತಾಡೋಣ ನಾವು?"

ಪದ್ಮ ಕೈ ತೊಳೆದು ಬಂದು ರಿಸೀವರು ಎತ್ತಿಕೊಂಡು ಕುರ್ಚಿ ಎಳೆದು ಕೂತಳು. "ಅಣ್ಣ, ನಾವು ಒಂದೂರಿಗೆ ಹೋಗಿದ್ವಿ. ತ್ಸುವಾನೊ ಅಂತ. ಎರಡೇ ಡಬ್ಬಿ ರೈಲು..." ಆ ಹೆಸರು ಬಂದಾಗಲೆಲ್ಲ ಕನ್ನಡ ಬಾರದ ಮೊರಿತಾ ಸಾನ್ ತಟ್ಟೆಯ ಮುಂದೆ ಕೂತಲ್ಲೇ ತಲೆ ಬಾಗಿಸುತ್ತಿದ್ದರು. ಮಂಜು, ಹೆಂಚು, ಕಾಲುವೆಯ ಮೀನು. ನಾನು ಗಮನಿಸದೇ ಇದ್ದ ಎಷ್ಟೋ ಸಂಗತಿಗಳು ಅವಳ ಮಾತಿನಲ್ಲಿ ಒಂದೊಂದಾಗಿ ಬಂದವು. ಹೊರಗೆ ಡ್ರೈವ್‌ವೇ ತುಂಬ ಸ್ನೋ. ಏರ್‌ಪೋರ್ಟಿಗೆ ಹೊರಡುವ ಹೊತ್ತಾಯಿತೆಂದು ನಾನು ಗಡಿಯಾರ ತೋರಿಸಿ ಕೈಸನ್ನೆ ಮಾಡಿದೆ.

ಪದ್ಮ ರಿಸೀವರಿಗೆ ಕೈ ಅಡ್ಡ ಹಿಡಿದು, "ಸ್ವಲ್ಪ ಇರ್ರೀ" ಎಂದಳು. "ಅಣ್ಣ ಇನ್ನೂ ಗುಡ್ಡ ಹತ್ತಿಲ್ಲ."