ಬಲೆ ಹರಿದವರ ಫೋಟೋ

ಆರೋಗ್ಯ ಸಹಾಯಕಿಯ ಕೆಲಸದಿಂದ ನಿವೃತ್ತಳಾದ ವರ್ಷ ಮೈಸೂರಿನಲ್ಲಿ ಒಂದು ಹಳೆಯ ಕ್ಯಾಮೆರಾ ಕೊಂಡೆ. ತಿ. ನರಸೀಪುರದ ಸುತ್ತಲಿನ ಹಳ್ಳಿಗಳನ್ನೆಲ್ಲ ಲಸಿಕೆ ಡಬ್ಬಿ ಹೊತ್ತು ತಿರುಗಿದವಳು ನಾನು. ಆಗ ದಾರಿಯಲ್ಲಿ ನಿಂತು ಒಂದು ಹಕ್ಕಿ ನೋಡಲು ಪುರಸೊತ್ತಿರಲಿಲ್ಲ. ಈಗ ಬೆಳಗಾಗುತ್ತಲೇ ನಾಲೆ ಏರಿ, ಕಬ್ಬಿನ ಗದ್ದೆ, ಹೊಳೆದಂಡೆ ಅಂತ ಹೊರಟುಬಿಡುತ್ತಿದ್ದೆ. ತಂತಿಯ ಮೇಲೆ ಬಾಲ ಕುಣಿಸುವ ಕಾಜಾಣ, ಟ್ರ್ಯಾಕ್ಟರಿನ ಹಿಂದೆ ಕೂಲಿಯವರ ಹಾಗೆ ಸಾಲಾಗಿ ನಡೆಯುವ ಬೆಳ್ಳಕ್ಕಿ, ಏನು ಕಂಡರೂ ಸಂತೋಷ.

ಕೆಲವು ತಿಂಗಳಾದ ಮೇಲೆ ನನ್ನ ಗಂಡನೂ ಜೊತೆಗೆ ಬರತೊಡಗಿದರು. ಅವರು ಬನ್ನೂರು ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹಿಂದಿನ ಸೀಟಿಗೂ ಕೇಳುವಂತೆ ಮಾತಾಡಿ ರೂಢಿ. "ಅಗೋ, ಅಲ್ಲಿ ಕಣೇ" ಅನ್ನುತ್ತಿದ್ದರು. ಅಷ್ಟಕ್ಕೇ ಹಕ್ಕಿ ಹಾರಿ ಹೋಗಿರುತ್ತಿತ್ತು.

ಒಂದು ಬೆಳಿಗ್ಗೆ ಕಾವೇರಿಯ ದಂಡೆಯಲ್ಲಿ ಒಂದು ಮಿಂಚುಳ್ಳಿಗಾಗಿ ಅರ್ಧ ಗಂಟೆ ಕಾದಿದ್ದೆ. ಅದು ಮೀನು ಕಚ್ಚಿಕೊಂಡು ಬಂದು ಕೂತಿತು. ಅದೇ ಹೊತ್ತಿಗೆ ಇವರು ಆಚೆ ದಂಡೆಯಲ್ಲಿ ಹೋಗುತ್ತಿದ್ದ ಯಾರನ್ನೋ ಗುರುತು ಹಿಡಿದು, "ತಿಂಡಿ ಆಯ್ತೇನಪ್ಪಾ" ಅಂತ ಕೂಗಿದರು. ಮಿಂಚುಳ್ಳಿ ಹೋಯಿತು.

"ರೀ, ನೀವು ಹೋಗಿ ಆ ಹುಣಸೆ ಮರದ ಕೆಳಗೆ ಕೂತಿರಿ. ಮುಗಿದ ಮೇಲೆ ಕರೀತೀನಿ" ಅಂದೆ.

ಅವರು ನೀರಿನ ಬಾಟಲಿ ಎತ್ತಿಕೊಂಡು ಹೋದರು. ಹಕ್ಕಿ ಮತ್ತೆ ಬಂತು, ಫೋಟೋ ಚೆನ್ನಾಗಿಯೇ ಬಂತು. ತೋರಿಸೋಣ ಅಂತ ತಿರುಗಿದರೆ ಪಕ್ಕದಲ್ಲಿ ಯಾರೂ ಇಲ್ಲ. ಯಾಕೋ ಮನಸ್ಸು ಚುರುಕ್ಕೆಂದಿತು.

ಹುಣಸೆ ಮರದ ಕೆಳಗೂ ಅವರಿರಲಿಲ್ಲ. ಸ್ವಲ್ಪ ಕೆಳಗಡೆ ಅವರ ದನಿ ಕೇಳಿಸಿತು. ಬೋರಲು ಹಾಕಿದ ತೆಪ್ಪದ ಪಕ್ಕ ಬಲೆ ಹೊಲಿಯುತ್ತಿದ್ದ ಒಬ್ಬ ಮೀನುಗಾರನ ಎದುರು ಕುಕ್ಕರಗಾಲಲ್ಲಿ ಕೂತಿದ್ದರು.

"ಬನ್ನಿ ಸಿಸ್ಟರು" ಅಂದ ಅವನು. "ನನ್ ಮಗೀಗೆ ನೀವೇ ಅಲ್ವಾ ಸೂಜಿ ಆಕಿದ್ದು. ಅದೀಗ ಕಾಲೇಜ್ಗೋಯ್ತದೆ."

"ಈ ಬಲೆ ಹರಿದಿದ್ದು ಯಾರು ಗೊತ್ತಾ?" ಅಂದರು ಇವರು.

"ನೀರ್ನಾಯಿ ಕಣಕ್ಕ" ಅಂದ ಅವನು. "ಐದಾರವೆ. ಬಿಸ್ಲೇರೋ ವೊತ್ಗೆ ಆ ಬಂಡೆ ಮ್ಯಾಕ್ ಬತ್ತವೆ. ಬಲೇಲಿರೋ ಮೀನ್ ತಿಂದು ನಂಗೆ ಬರೀ ತಲೆ ಬುಡ್ತವೆ. ಬೈತೀನಿ. ಏನ್ ಮಾಡಾನ, ಅವ್ಕೂ ಇದೇ ಒಳೆ ಅಲ್ವಾ."

ಎರಡು ವರ್ಷ ಇದೇ ದಂಡೆಯಲ್ಲಿ ಉಸಿರು ಬಿಗಿಹಿಡಿದು ನಡೆದ ನಾನು ಒಂದು ನೀರುನಾಯಿಯನ್ನೂ ಕಂಡಿರಲಿಲ್ಲ. "ಮಾತಾಡಿದ್ರೆ ಓಡಿಹೋಗಲ್ವಾ?" ಅಂದೆ.

"ದಿನಾ ನಮ್ ಗಲಾಟೆ ಕೇಳ್ತವೆ. ನಾವ್ ನೀರ್ಗಿಳೀದೆ ಇದ್ರೆ ಸಾಕು."

ಮನೆಗೆ ನಡೆಯುವಾಗ ಗಂಡನನ್ನು ಕೇಳಿದೆ, "ಕೋಪ ಬಂತಾ?"

"ಬಂತು. ಆಮೇಲೆ ಇವನು ಸಿಕ್ಕಿದ, ಮರೆತುಹೋಯ್ತು" ಅಂದರು.

ಮರುದಿನ ಮೂವರೂ ದಂಡೆಯಲ್ಲಿ ಕೂತೆವು. ಬಂಡೆಯ ಮೇಲೆ ಬಿಸಿಲು ಬೀಳುತ್ತಲೇ ನೀರಿನಲ್ಲಿ ಒಂದು ತಲೆ, ಇನ್ನೊಂದು, ಮತ್ತೆರಡು. ಸಿಳ್ಳೆ ಹಾಕುತ್ತಾ ಬಂಡೆ ಹತ್ತಿದವು, ಮೈ ಒದರಿದವು, ಬೆನ್ನು ಉಜ್ಜುತ್ತಾ ಹೊರಳಾಡಿದವು. ಎರಡು ಮರಿಗಳು ಒಂದೇ ಮೀನಿಗೆ ಜಗ್ಗಾಡಿ ಮೂರನೆಯದರ ಪಾಲು ಮಾಡಿದವು. "ನೋಡು, ಕೊನೇ ಸ್ಟಾಪಲ್ಲಿ ಸೀಟಿಗೆ ಜಗಳ ಆಡೋರ ಥರಾನೇ" ಅಂದರು ಇವರು. ಒಂದು ನೀರುನಾಯಿ ಹಿಂಗಾಲಿನ ಮೇಲೆ ನಿಂತು ಇವರನ್ನೇ ದಿಟ್ಟಿಸಿತು. ನನಗೆ ನಗು ತಡೆಯಲಾಗಲಿಲ್ಲ. ಕ್ಯಾಮೆರಾ ಅಲುಗಿ ಮುಕ್ಕಾಲುಪಾಲು ಫೋಟೋಗಳು ಮಸುಕಾದವು. ಒಂದರಲ್ಲಿ ಮಾತ್ರ ಬಾಯಿಂದ ಮೀನಿನ ಬಾಲ ಇಳಿಬಿಟ್ಟುಕೊಂಡ ಮುಖ, ಮೀಸೆಯ ಮೇಲಿನ ನೀರ ಹನಿ ಸಮೇತ ಸಿಕ್ಕಿತ್ತು.

ಅದನ್ನು ಪ್ರಿಂಟ್ ಹಾಕಿಸಿ ಮೀನುಗಾರನಿಗೆ ಕೊಟ್ಟೆವು. ಅವನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇವ್ನೇ ಕಣಕ್ಕ" ಅಂದ.

ಮುಂದಿನ ವಾರ ಸಿಕ್ಕಾಗ ಹೇಳಿದ: "ಕಳ್ಳನ್ನ ಯಾರಾರಾ ಗೋಡೆಗ್ ಆಕ್ತಾರಾ ಅಂತ ನಮ್ಮೆಂಗ್ಸು ಬೈದ್ಲು. ಈಗ ಬಂದೋರ್ಗೆಲ್ಲ ಅವ್ಳೇ ತೋರಿಸ್ತಾವ್ಳೆ."

ಬೇಡವೆಂದರೂ ಕೇಳದೆ ಎರಡು ಮೀನು ಎಲೆಯಲ್ಲಿ ಸುತ್ತಿ ಕೊಟ್ಟ. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಮೀನಿನ ಸಾರು, ಬಿಸಿ ಮುದ್ದೆ.