ಮೇಯಲು ಬಿಟ್ಟ ಕುದುರೆಯನ್ನು ನೋಡಿ ಬರುವುದು

ನಮ್ಮ ಮನೆಯಲ್ಲಿ ಯಾರ ಆರೋಗ್ಯ ಹೇಗಿದೆ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: ಉಂಡನೇನು? ಜ್ವರ ಬಂದವನು ಎರಡು ರೊಟ್ಟಿ ಮುರಿದು ತಿಂದರೆ ಅದು ಜ್ವರವೇ ಅಲ್ಲ. ಪರೀಕ್ಷೆಯಲ್ಲಿ ಫೇಲಾದವನು ಉಂಡರೆ ಅವನು ಪಾಸಾದಂತೆಯೇ. ಈ ವೈದ್ಯಶಾಸ್ತ್ರದಲ್ಲಿ ನಾನು ಬೆಳೆದು ಇಷ್ಟು ದಪ್ಪಗಾಗಿದ್ದೇನೆ, ಅಂದ ಮೇಲೆ ಅದನ್ನು ಪೂರ್ತಿ ಸುಳ್ಳು ಅನ್ನೋದಕ್ಕೂ ಆಗೋದಿಲ್ಲ. ಅಪ್ಪ ಇದೇ ಪ್ರಶ್ನೆಯನ್ನು ನಾಶಿಕದಿಂದ ದಿನಾ ಸಂಜೆ ವಿಡಿಯೋ ಕಾಲ್ ಮಾಡಿ ಕೇಳುತ್ತಿದ್ದರು. ನನ್ನ ಬಗ್ಗೆ ಅಲ್ಲ, ಕುದುರೆಯ ಬಗ್ಗೆ.

"ಹೋಗಿ ನೋಡಿ ಬಂದ್ಯಾ?"

"ಬಂದೆ ರೀ."

"ತಿನ್ಲಾಕತ್ತಾಳ?"

"ತಿನ್ಲಾಕತ್ತಾಳ."

"ಹಂಗಂದ್ರ ಛಲೋ ಅದಾಳ. ಫೋನ್ ಅವ್ವಗ ಕೊಡು."

ಬ್ಯಾಂಕ್ ಆಫೀಸರ್ ಮನೆಗೆ ಕುದುರೆ ಹೇಗೆ ಬಂತು ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿ ಜಿಲ್ಲೆಯಿಂದ ವರ್ಗವಾಗಿ ವರ್ಗವಾಗಿ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರಕ್ಕೆ ಬಂದು ನೆಲೆಯಾದ ಅಪ್ಪನಿಗೆ ಇಲ್ಲಿ ಶುಗರ್ ಹತ್ತಿಕೊಂಡಿತು. ಡಾಕ್ಟರು ದಿನಾ ನಡೆಯಿರಿ ಅಂದರು. ಅಪ್ಪನಿಗೆ ನಡೆಯುವುದೆಂದರೆ ಬೇಸರ. ಹೋಗಿ ಊರ ಹೊರಗಿನ ಕುದುರೆ ಸವಾರಿ ಕ್ಲಾಸಿಗೆ ಸೇರಿಕೊಂಡರು, ನಡೆಯುವ ಕೆಲಸ ಕುದುರೆ ಮಾಡಲಿ ಅಂತ. ಆ ದಿನಗಳ ದೃಶ್ಯ ನಾನು ಮನೆಗೆ ಬಂದವರಿಗೆಲ್ಲ ಮಾಡಿ ತೋರಿಸಿದ್ದೇನೆ: ಮೊದಲು ಹೊಟ್ಟೆ ಬರುತ್ತದೆ, ಆಮೇಲೆ ಅಪ್ಪ ಬರುತ್ತಾರೆ, ಕೊನೆಗೆ ಬೇಸತ್ತ ಮುಖದ ಕುದುರೆ. ಕ್ಲಾಸು ಮುಚ್ಚಿದಾಗ ಒಳ್ಳೆಯ ಕುದುರೆಗಳೆಲ್ಲ ಯಾರುಯಾರದೋ ಪಾಲಾದವು. ಯಾರಿಗೂ ಬೇಡವಾದ ಈ ಮುದಿ ಹೆಣ್ಣುಕುದುರೆಯ ಹಗ್ಗ ಹಿಡಿದುಕೊಂಡು ಅಪ್ಪ ಬಂದರು. ಅವ್ವ ಬಾಗಿಲಲ್ಲೇ ಕೇಳಿದಳು, "ಸವತಿ ತಂದ್ರೇನು?" ಅವತ್ತಿನಿಂದ ಅವಳ ಬಾಯಲ್ಲಿ ಕುದುರೆ ಸವತಿಯೇ.

ಊರ ಹೊರಗೆ, ಇಲ್ಲಿಯ ಗಂಗಾಪುರದ ದಾರಿಯಲ್ಲಿ ನಮ್ಮದೊಂದು ಪ್ಲಾಟು ಇದೆ. ಮನೆ ಕಟ್ಟುವ ಯೋಚನೆಯಿಂದ ಮರಳು ತರಿಸಿ ರಾಶಿ ಹಾಕಿಸಿದ್ದೆವು. ಮನೆ ಕಟ್ಟಲಿಲ್ಲ, ಕುದುರೆ ಬಿಟ್ಟೆವು. ಸುತ್ತ ಬೇಲಿ, ಒಂದು ತಗಡಿನ ನೆರಳು, ನೀರಿನ ತೊಟ್ಟಿ, ಒಂದು ಬೇವಿನ ಮರ. ಜೊತೆಗೆ ಪಕ್ಕದ ಹೊಲದ ಮೇಕೆಗಳು ಬಂದು ಹೋಗುತ್ತಿದ್ದವು. ಅಪ್ಪ ಇಲ್ಲಿದ್ದಾಗ ಮನಸ್ಸು ಬಂದಾಗ ಹೋಗುತ್ತಿದ್ದರು. ನಾಶಿಕಕ್ಕೆ ವರ್ಗವಾದ ಮೇಲೆ ದಿನಾ ಹೋಗಬೇಕು ಅಂತ ಕಾನೂನು ಮಾಡಿದರು, ನನಗೆ. ಮನುಷ್ಯ ದೂರ ಹೋದಷ್ಟೂ ಶಿಸ್ತು ಜಾಸ್ತಿ ಆಗುತ್ತದೆ.

ನನ್ನ ಕೆಲಸ ಬಿಡಕಿನ್‌ನ ಹೊಸ ಫ್ಯಾಕ್ಟರಿಯಲ್ಲಿ, ಪಾಳಿ ಬದಲಾಗುತ್ತಲೇ ಇರುತ್ತದೆ. ಫ್ಯಾಕ್ಟರಿ ಒಂದು ದಿಕ್ಕಿಗೆ, ಕುದುರೆ ಇನ್ನೊಂದು ದಿಕ್ಕಿಗೆ, ನಡುವೆ ನಾನು ಮತ್ತು ನನ್ನ ಗಾಡಿ. ಆದರೂ ಹೋಗುತ್ತಿದ್ದೆ. ಗೇಟಿನಲ್ಲಿ ನಿಂತು ಅಪ್ಪನ ದನಿ ತೆಗೆದು "ಬಾರವ್ವಾ, ಬಾ" ಅಂತ ಕೂಗುತ್ತಿದ್ದೆ. ಮೂಗಿನಿಂದ ಅರ್ಧ, ಗಂಟಲಿನಿಂದ ಅರ್ಧ ಬರುವ ಆ ದನಿ ನನಗೆ ಸಲೀಸು. ಅವಳು ತಟ್ಟನೆ ತಲೆ ಎತ್ತಿ ಅಪ್ಪನನ್ನು ಹುಡುಕಿ, ನನ್ನನ್ನು ಕಂಡು ಇವನಾ ಅನ್ನುವ ಹಾಗೆ ನೋಡಿ, ಗಜ್ಜರಿಯ ಆಸೆಗೆ ನಿಧಾನ ಬರುತ್ತಿದ್ದಳು. ತೊಟ್ಟಿಯಲ್ಲಿ ನೀರಿದೆಯೇ, ಬೇಲಿ ಸರಿಯಿದೆಯೇ, ಕಣ್ಣು ಮೂಗು ಶುದ್ಧವಿದೆಯೇ, ಬೆನ್ನ ಮೇಲೆ ಗಾಯವಿದೆಯೇ ನೋಡಿ, ಕುತ್ತಿಗೆ ತಟ್ಟಿ, ಒಂದು ಫೋಟೋ ಹೊಡೆದು ಬರುತ್ತಿದ್ದೆ.

ಪಕ್ಕದ ಹೊಲದ ಕಾಕಾಗೆ ಇದೇ ಒಂದು ತಮಾಷೆ. ಅವರು ಮೆಕ್ಕೆಜೋಳದ ನಡುವಿನಿಂದಲೇ ಕೂಗುತ್ತಿದ್ದರು, "ಅರೇ ಬಾಳಾ, ಗವತ್ ಆಹೇ, ಪಾಣೀ ಆಹೇ. ಆತಾ ಟೀವ್ಹೀ ಪಾಹಿಜೇ ಕಾ ತಿಲಾ?" ಹುಲ್ಲಿದೆ, ನೀರಿದೆ, ಇನ್ನು ಟೀವಿ ಬೇಕಾ ಅವಳಿಗೆ ಅಂತ. ಈ ವರ್ಷ ಮಳೆ ಧಾರಾಳ. ಕಪ್ಪು ಮಣ್ಣಿನಿಂದ ಹುಲ್ಲು ಮೊಣಕಾಲಿನವರೆಗೆ ಎದ್ದಿತ್ತು. ಕುದುರೆ ಹೊತ್ತು ಮುಳುಗಿದರೂ ತಲೆ ಎತ್ತದೆ ತಿಂದಳು. ಪಕ್ಕೆಯ ಎಲುಬು ಮಾಯವಾದವು, ಬೆನ್ನು ಹಾಸಿಗೆಯಂತಾಯಿತು, ಕುತ್ತಿಗೆಯ ಮೇಲೆ ಗಟ್ಟಿ ಮಡಿಕೆ ಎದ್ದಿತು. ನೋಡಿದವರೆಲ್ಲ ಹೊಗಳಿದರು. ಅಪ್ಪ ಫೋಟೋ ನೋಡಿ, "ಭಾಳ ಛಲೋ ಮೈ ತುಂಬ್ಯಾಳ. ಇಲ್ಲಿ ಮೆಸ್ಸಿನಾಗ ನಾ ಹಂಗೇ ಆಗೀನಿ" ಅಂದರು.

ಒಂದು ರಜೆಯ ದಿನ ಮಧ್ಯಾಹ್ನ ಪ್ಲಾಟಿಗೆ ಹೋಗಿ ಬಂದವನು ಹಾಲ್‌ನಲ್ಲಿ ಅವ್ವನ ಮುಂದೆ ಅವರಿವರ ನಕಲು ಮಾಡುವ ಆಟ ಶುರು ಮಾಡಿದೆ. ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಮೊದಲು ಕಾಕಾ ಬಂದರು, ಆಮೇಲೆ ನಮ್ಮ ಶಿಫ್ಟ್ ಇನ್‌ಚಾರ್ಜ್ ಬಂದ, ಆಮೇಲೆ ಕಲಬುರಗಿಯ ಮದುವೆಯಲ್ಲಿ ಮರಾಠಿ ಬೆರೆಸಿ ಕನ್ನಡ ಮಾತಾಡಿ ನಗೆಪಾಟಲಾದ ನಾನೇ ಬಂದೆ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಈಗ ನಿನ್ನ ಸವತಿ," ಅಂದೆ.

ಕುತ್ತಿಗೆ ಚಾಚಿ, ಸೊಂಟ ಆಡಿಸುತ್ತ, ಬೇವಿನ ಮರದಿಂದ ಗೇಟಿನವರೆಗೆ ಅವಳು ಅವತ್ತು ಬಂದ ಹಾಗೆ ಅಡುಗೆಮನೆ ಬಾಗಿಲಿನಿಂದ ಸೋಫಾದವರೆಗೆ ನಡೆದೆ. ಅವ್ವ ನಗಲಿಲ್ಲ.

"ಇನ್ನೊಮ್ಮೆ ನಡಿ."

ನಡೆದೆ.

"ಕಾಲು ಯಾಕ ಹಂಗ ಇಡ್ತಿ? ಚಪ್ಪಲಿ ಇಲ್ದೆ ಬಿಸಿ ಡಾಂಬರಿನ ಮ್ಯಾಲ ನಿಂತವ್ರಂಗ?"

"ನಾ ಎಲ್ಲಿ ಇಟ್ಟೆ? ಆಕೀನೇ ಹಂಗ ಬಂದ್ಲು."

"ಹೋದ ಸಲ ನೀ ಹಿಂಗ ಮಾಡಿರ್ಲಿಲ್ಲ."

ನಾನು ಕಾರ್ಪೆಟ್ಟಿನ ಮೇಲೆ ಒಂದು ಕಾಲು ಎತ್ತಿಕೊಂಡೇ ನಿಂತೆ. ಅವ್ವ ಹೇಳಿದ್ದು ನಿಜ. ಹಿಮ್ಮಡಿ ಮೊದಲು ಊರಿ, ಬೆರಳಿನ ಕಡೆಗೆ ಭಾರವನ್ನೇ ಬಿಡದೆ, ಹೆಜ್ಜೆ ಮೊಟಕು ಮಾಡಿ ನಾನು ನಡೆದಿದ್ದೆ. ನನ್ನ ಕಣ್ಣು ಅದನ್ನು ನೋಡಿತ್ತು, ಮೈ ಕದ್ದು ತಂದಿತ್ತು, ತಲೆಗೆ ಮಾತ್ರ ಸುದ್ದಿಯೇ ಇರಲಿಲ್ಲ. ವರ್ಷಗಟ್ಟಲೆ ಮೊಣಕಾಲು ನೋವು ಉಂಡ ಅವ್ವನಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಗಾಡಿ ತೆಗಿ," ಅಂದಳು. ಮೆಂತ್ಯ ಅಲ್ಲೇ ಉಳಿಯಿತು.

ಹೋದಾಗ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು. ಹುಲ್ಲು ತಿನ್ನುತ್ತಲೇ ಇದ್ದಳು, ಅದೂ ಹೇಳಬೇಕು. ಅವತ್ತಿನವರೆಗೆ ಅವಳನ್ನು ಮುಟ್ಟದ ಅವ್ವ ಬಗ್ಗಿ, ಮಗುವಿನ ಹಣೆ ನೋಡುವ ಹಾಗೆ ಗೊರಸಿನ ಮೇಲೆ ಅಂಗೈ ಇಟ್ಟಳು. ಇನ್ನೊಂದು ಗೊರಸಿಗೂ ಇಟ್ಟಳು.

"ಸುಡ್ಲಾಕತ್ತದ," ಅಂದಳು.

ಪ್ಲಾಟಿನಲ್ಲಿ ನೆಟ್‌ವರ್ಕ್ ಇಲ್ಲ. ಡಾಂಬರು ರಸ್ತೆಗೆ ಬಂದು ಕುದುರೆ ಡಾಕ್ಟರಿಗೆ ಫೋನ್ ಮಾಡಿದೆ. ಮರಾಠಿಯಲ್ಲಿ ಪಟಪಟ ಪ್ರಶ್ನೆ ಕೇಳುವ ಹೆಣ್ಣುಮಗಳು ಆಕೆ.

"ದಿನಾ ನೋಡ್ತೀರಾ?"

"ದಿನಾ, ಮೇಡಂ."

"ಏನು ನೋಡ್ತೀರಾ?"

"ಮುಖ, ಬೆನ್ನು, ನೀರು, ಬೇಲಿ..."

"ಕಾಲು?"

"ಹುಲ್ಲಿನಲ್ಲಿರ್ತಾವೆ."

ಆ ಕಡೆ ಒಂದು ನಿಟ್ಟುಸಿರು ಬಂತು. ಬೇರೆ ದಿನವಾಗಿದ್ದರೆ ಆ ನಿಟ್ಟುಸಿರನ್ನೂ ನಾನು ಕಲಿತುಬಿಡುತ್ತಿದ್ದೆ. ಮಳೆಗಾಲದ ಹಸಿ ಹುಲ್ಲಿನಲ್ಲಿ ಸಕ್ಕರೆ ಜಾಸ್ತಿ, ಕೂತು ತಿಂದ ಕುದುರೆಗೆ ಅದು ವಿಷ, ಅಂದರು. ಗೊರಸಿನ ಒಳಗಿನ ಮಾಂಸ ಬಾತುಕೊಳ್ಳುತ್ತದೆ, ಹೊರಗಿನ ಗೊರಸು ಹಿಗ್ಗುವುದಿಲ್ಲ, ನೋವು ಒಳಗೇ ಹಿಂಡುತ್ತದೆ, ಬಿಟ್ಟರೆ ಒಳಗಿನ ಎಲುಬೇ ಜಾರುತ್ತದೆ. ದಿನಕ್ಕೊಮ್ಮೆ ನೋಡಿದರೆ ಸಾಲದು, ಈ ಕಾಲದಲ್ಲಿ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ. ಅದೂ ಗಟ್ಟಿ ನೆಲದ ಮೇಲೆ ನಡೆಸಿ ನೋಡಬೇಕು, ಗೊರಸು ಮುಟ್ಟಿ ನೋಡಬೇಕು. ಈಗ ಹುಲ್ಲಿನಿಂದ ತೆಗೆಯಿರಿ, ಮೆತ್ತಗಿನ ನೆಲದ ಮೇಲೆ ನಿಲ್ಲಿಸಿ, ಕಾಲಿಗೆ ತಣ್ಣೀರು ಬಿಡುತ್ತಲೇ ಇರಿ, ನಾನು ಬರುತ್ತಿದ್ದೇನೆ.

"ಅಪ್ಪಗೂ ಶುಗರ್, ಇದಕ್ಕೂ ಶುಗರ್," ಅಂದಳು ಅವ್ವ. "ನನಗ ಮಾತ್ರ ಇಬ್ಬರನ್ನೂ ನೋಡ್ಕೊಳ್ಳೋ ರೋಗ."

ಮನೆಗೆಂದು ತರಿಸಿದ್ದ ಮರಳನ್ನು ತಗಡಿನ ಕೆಳಗೆ ಹರಡಿದೆವು. ಕಾಕಾ ಸಲಿಕೆ ತಂದು ತಾವೂ ಹರಡಿದರು. ಟೀವಿಯ ಮಾತು ಎತ್ತಲಿಲ್ಲ.

ಮರುದಿನ ಅಪ್ಪ ನಾಶಿಕದ ಬಸ್ಸಿನಿಂದ ಇಳಿದು ಆಫೀಸಿನ ಪ್ಯಾಂಟಿನಲ್ಲೇ ಪ್ಲಾಟಿಗೆ ಬಂದರು. ಡಾಕ್ಟರು ಅಲ್ಲಿಗೇ ಮಷಿನ್ ತಂದು ತೆಗೆದ ಎಕ್ಸ್‌ರೇಯಲ್ಲಿ ಬಲಗಾಲಿನ ಎಲುಬು ಸ್ವಲ್ಪ ಜಾರಿದ್ದು ಕಂಡಿತು. ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದರೂ ದನಿ ತಗ್ಗಿಸಲಿಲ್ಲ: "ಮಲಗಿದರೆ ಹೆದರಬೇಡಿ, ಕಾಲಿಗೆ ವಿಶ್ರಾಂತಿ. ಆದರೆ ಎಬ್ಬಿಸಿದರೂ ಏಳದೆ ಹೋದರೆ, ತಿನಿಸಿಗೂ ಏಳದೆ ಹೋದರೆ ನನಗೆ ಹೇಳಿ. ಆಮೇಲೆ ಔಷಧದ ಮಾತು ಇರುವುದಿಲ್ಲ. ನೋವನ್ನೂ ಉಸಿರನ್ನೂ ನಿಲ್ಲಿಸುವ ಒಂದು ಇಂಜೆಕ್ಷನ್ ಅಷ್ಟೇ." ಅಪ್ಪ ಹೂಂ ಅಂದರು. ಆಡಿಟ್ ಇದ್ದುದರಿಂದ ಅವರು ತಿರುಗಿ ನಾಶಿಕಕ್ಕೆ ಹೋಗಲೇಬೇಕಾಯಿತು.

ಅಲ್ಲಿಂದ ಶುರುವಾಯಿತು ನನ್ನ ಹೊಸ ನೌಕರಿ. ಬೆಳಿಗ್ಗೆ ನಾನು ಹೋದರೆ ಸಂಜೆ ಅವ್ವ, ಪಾಳಿ ಬದಲಾದರೆ ಅದಲು ಬದಲು. ಪ್ಲಾಟಿನಿಂದ ವಿಡಿಯೋ ಹೋಗುವುದಿಲ್ಲ, ತೆಗೆದುಕೊಂಡು ಬಂದ ವಿಡಿಯೋದಲ್ಲಿ ಹೆಜ್ಜೆ ಹೇಗಿಟ್ಟಳು ಅಂತ ಅಪ್ಪನಿಗೆ ತಿಳಿಯುವುದಿಲ್ಲ.

"ಅದನ್ನ ಬಿಡು. ನೀ ನಡದು ತೋರ್ಸು," ಅನ್ನುತ್ತಿದ್ದರು.

ಹುಟ್ಟಿದಾಗಿನಿಂದ ಮಂಗನಾಟ ನಿಲ್ಲಿಸು ಅಂತ ಬೈದ ಮನುಷ್ಯ ಅದನ್ನೇ ಮಾಡು ಅಂತ ಕೇಳುತ್ತಿದ್ದರು. ಅವ್ವ ಮೊಬೈಲ್ ಹಿಡಿದು ನಿಲ್ಲುತ್ತಿದ್ದಳು, ನಾನು ಸೋಫಾದವರೆಗೆ ನಡೆಯುತ್ತಿದ್ದೆ. "ಇಷ್ಟು ಎತ್ತಲಿಲ್ಲ ಆಕಿ," ಅಂತ ಅವ್ವ ತಿದ್ದುತ್ತಿದ್ದಳು. "ತಿರುಗುವಾಗ ಹೆಂಗ? ತಿರುಗಿ ತೋರ್ಸು," ಅಂತ ಅಪ್ಪ. ಯಾರೂ ನಗುತ್ತಿರಲಿಲ್ಲ. ಒಂದೆರಡು ಸಲ ಅವಳಿಗಿಂತ ಚೆನ್ನಾಗಿ ನಡೆದುಬಿಡೋಣ ಅನ್ನಿಸಿತು. ನಾಶಿಕದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕೂತ ಮನುಷ್ಯ ಆ ಒಂದು ರಾತ್ರಿಯಾದರೂ ಮಲಗಲಿ ಅಂತ. ಆದರೆ ಅವ್ವ ಎದುರಿಗೇ ಇರುತ್ತಿದ್ದಳು.

ಆಮೇಲೆ ಒಂದು ಸಂಜೆ ನಾನು ಹೋದಾಗ ಕುದುರೆ ಮರಳಿನ ಮೇಲೆ ಪಕ್ಕಕ್ಕೆ ಮಲಗಿದ್ದಳು. "ಬಾರವ್ವಾ, ಬಾ" ಅಂದೆ ಅಪ್ಪನ ದನಿಯಲ್ಲಿ. ಕಿವಿ ತಿರುಗಿತು, ಅಷ್ಟೇ. ನೆನೆಸಿದ ಒಣಹುಲ್ಲಿನ ಬಕೆಟ್ಟು ಮುಂದಿಟ್ಟೆ. ಮೂಸಲಿಲ್ಲ. ರಸ್ತೆಗೆ ಬಂದು ಡಾಕ್ಟರ ನಂಬರ್ ತೆಗೆದೆ, ಒತ್ತಲಿಲ್ಲ. ಒತ್ತಿದರೆ ಮುಗಿಯಿತು. ಗಾಡಿ ತಾನೇ ಮನೆಯ ದಾರಿ ಹಿಡಿಯಿತು.

ಮನೆಗೆ ಬಂದಾಗ ಅಪ್ಪ ಆಗಲೇ ಅವ್ವನ ಮೊಬೈಲಿನಲ್ಲಿದ್ದರು.

"ಬಂದ್ಯಾ? ನಡಿ, ನೋಡೂನು."

ಏನು ನಡೆಯಲಿ? ಹಾಲ್‌ನ ನೆಲದ ಮೇಲೆ ಪಕ್ಕಕ್ಕೆ ಮಲಗಿದೆ. ಕಾಲು ಚಾಚಿ, ಕೆನ್ನೆ ನೆಲಕ್ಕೆ ಹಚ್ಚಿ.

"ಏಳೋ," ಅಂದಳು ಅವ್ವ. "ಹಂಗ ಮಲಗಬ್ಯಾಡ. ಏಳು."

"ಕರದ್ಯೇನು?" ಅಪ್ಪ ಕೇಳಿದರು.

"ಕರದೆ. ಕಿವಿ ಅಲ್ಲಾಡಿಸಿದ್ಲು. ನಿಮ್ಮ ದನಿಗೆ."

"ನನ್ನ ದನಿ ಎಲ್ಲಿಂದ ಬಂತು ಅಲ್ಲಿ?"

"ನಾ ತೆಗೀತೀನಿ. ದಿನಾ."

ಅಪ್ಪ ಕೇಳಿದರು, ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿಯದವರಂತೆ: "ಆಕಿ ಅಲ್ಲಿ ಮಲಗ್ಯಾಳ. ಮತ್ತ ನೀ ಇಲ್ಲಿ ಯಾಕ ಮಲಗೀದಿ?"

ಅವ್ವ ಆಗಲೇ ಹೆಲ್ಮೆಟ್ ಹುಡುಕುತ್ತಿದ್ದಳು. "ಡಾಕ್ಟರ್ಗ ನಾ ಹೇಳ್ತೀನಿ. ನಾ ಹೊಂಟೆ," ಅಂತ ಅಪ್ಪ ಫೋನ್ ಇಟ್ಟರು.

ನಾವು ಪ್ಲಾಟು ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವಳು ಹಾಗೇ ಮಲಗಿದ್ದಳು. ಗೇಟಿನಲ್ಲಿ ಅಭ್ಯಾಸಬಲದಿಂದ ಅಪ್ಪನ ದನಿ ಗಂಟಲಿಗೆ ಬಂತು, ನುಂಗಿಕೊಂಡೆ. ಅವ್ವ ಸೀರೆ ಎತ್ತಿಕಟ್ಟಿ ಅವಳ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಮೊಣಕಾಲು ಕಟಕ್ ಅಂದದ್ದು ನನಗೂ ಕೇಳಿಸಿತು.

"ಏ ಸವತೀ," ಅಂದಳು. "ಅವರು ಬಸ್ ಹತ್ಯಾರ. ಬಂದು ನಿನ್ನ ಹಿಂಗ ನೋಡಿದ್ರ, ನಾಳಿಂದ ನಾ ಒಬ್ಬಾಕಿ ಅವರನ್ನ ಹೆಂಗ ಸಂಭಾಳಿಸ್ಲಿ? ಏಳು ನಮ್ಮವ್ವ."

ನಾನು ಹಿಂದಿನಿಂದ ಬೆನ್ನು ಒತ್ತಿದೆ. ಕುದುರೆ ಒಂದು ಮುಂಗಾಲು ಹೊರಗೆ ಚಾಚಿದಳು, ಒದ್ದಾಡಿದಳು, ಬಿದ್ದಳು. ಅವ್ವ ಹಿಂದೆ ಸರಿಯಲಿಲ್ಲ. ಬಹಳ ಹೊತ್ತು ಬರೀ ಉಸಿರು. ನಾನು ಸೋತು ಕೈ ತೆಗೆಯುವಷ್ಟರಲ್ಲಿ ಅವಳು ಇನ್ನೊಮ್ಮೆ ಎರಡೂ ಮುಂಗಾಲು ಊರಿ, ಮೈಯೆಲ್ಲ ನಡುಗಿಸುತ್ತ ಎದ್ದು ನಿಂತಳು. ನಿಂತು ಅವ್ವನ ಭುಜಕ್ಕೆ ಮೂತಿ ಒರಸಿದಳು, ಭಾರ ಬಿಟ್ಟಳು. ಅವ್ವ ಬೀಳದಂತೆ ನಾನು ಅವ್ವನನ್ನು ಹಿಡಿದೆ.

ಡಾಕ್ಟರು ಬಂದು ಕಾಲಿನ ನಾಡಿ ಹಿಡಿದು ನೋಡಿದರು, ಗೊರಸು ಒತ್ತಿದರು, ಪೆಟ್ಟಿಗೆಯತ್ತ ಒಮ್ಮೆ ನೋಡಿ ಅದನ್ನು ಮುಚ್ಚಿದರು. "ಇವತ್ತು ಬೇಡ. ಇನ್ನೂ ಹಟ ಇದೆ. ನೋವಿನ ಔಷಧಿ ಹೆಚ್ಚು ಮಾಡೋಣ." ಮತ್ತೆ ಯಾವಾಗ ಮೇಯಲು ಬಿಡಬಹುದು ಅಂತ ಅವ್ವ ಕೇಳಿದಳು. ಈ ಮಳೆಗಾಲದಲ್ಲಂತೂ ಇಲ್ಲ, ಮುಂದೆಯೂ ಬಹುಶಃ ಇಲ್ಲ, ಅಂದರು.

ಅಪ್ಪ ಬಂದಾಗ ಅವಳು ನಿಂತೇ ಇದ್ದಳು. ಅವರು ಕರೆಯಲೂ ಇಲ್ಲ, ಸೀದಾ ಹೋಗಿ ಬಗ್ಗಿ ಗೊರಸಿನ ಮೇಲೆ ಕೈ ಇಟ್ಟರು.

ಇದೆಲ್ಲ ಆಗಿ ಹೆಚ್ಚು ದಿನವಾಗಿಲ್ಲ. ಬೇಲಿಯಾಚೆ ಹುಲ್ಲು ಇನ್ನೂ ಹಸಿರಾಗಿಯೇ ಇದೆ, ಅವಳು ಮರಳಿನ ಮೇಲೆ ನಿಂತು ಅದನ್ನೇ ನೋಡುತ್ತಾಳೆ. ಇದನ್ನು ಬರೆಯಲು ಕೂರುವ ಮೊದಲು ಹೋಗಿ ನಡೆಸಿ ಬಂದೆ. ಎಡಗಾಲು ಸರಿಯಾಗಿ ಊರುತ್ತಾಳೆ. ಬಲಗಾಲನ್ನು ಹಿಮ್ಮಡಿಯ ಮೇಲೇ ಇಡುತ್ತಾಳೆ. ನಿನ್ನೆಗಿಂತ ಹೆಚ್ಚೋ ಕಡಿಮೆಯೋ, ಎಷ್ಟು ಹೊತ್ತು ನೋಡಿದರೂ ನನಗೆ ತಿಳಿಯಲಿಲ್ಲ. ಸಂಜೆ ಅವ್ವ ಹೋಗಿ ನೋಡುತ್ತಾಳೆ.