ಟ್ರೌಟ್ ಮೀನಿಗೆ ನೀರು ಹಾಯಿಸಿದ ಶನಿವಾರ

ಅಮೆರಿಕದಲ್ಲಿ, ತೊಂಬತ್ತರ ದಶಕದ ಒಂದು ಜುಲೈ. ಗೈದರ್ಸ್‌ಬರ್ಗ್‌ನ ನಮ್ಮ ಬೀದಿಯಲ್ಲಿ ಹತ್ತು ದಿನದಿಂದ ಎಂಥ ಬಿಸಿಲೆಂದರೆ, ಕಾರಿನ ಸ್ಟೀರಿಂಗ್ ಹಿಡಿಯಲು ಕೈಗೆ ಬಟ್ಟೆ ಸುತ್ತಿಕೊಳ್ಳಬೇಕಿತ್ತು. ನಾನು ಆಗ ಮಳೆನೀರಿನ ಚರಂಡಿಗಳ ನಕ್ಷೆ ಹಾಕುವ ಸಿವಿಲ್ ಇಂಜಿನಿಯರ್. ಬೆಳಗಾವಿ ಕಡೆಯಿಂದ ಅವ್ವ ಮೂರು ತಿಂಗಳಿಗೆಂದು ಬಂದಿದ್ದಳು. ಕಿಟಕಿ ಮುಚ್ಚಿ ಏಸಿ ಹಾಕಿದ ಮನೆ ಅವಳಿಗೆ ಸೇರಲಿಲ್ಲ.

"ಎಷ್ಟ ದಿನಾ ಈ ಡಬ್ಬಿಯೊಳಗ ಕೂಡೂದು?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದಳು.

ಪಕ್ಕದ ಮನೆಯಲ್ಲಿ ನಿವೃತ್ತ ಅಂಚೆಯವನೊಬ್ಬನಿದ್ದ. ಮೂವತ್ತು ವರ್ಷ ಕಾಗದ ಹಂಚಿದ ಕಾಲುಗಳನ್ನು ಈಗ ತಣ್ಣನೆಯ ಹಳ್ಳಗಳಲ್ಲಿ ನೆನೆಸುತ್ತ, ಟ್ರೌಟ್ ಮೀನಿಗೆ ಗಾಳ ಹಾಕುವುದೇ ಅವನ ಸುಖ. ಹಿಡಿದದ್ದನ್ನು ಒಂದು ಕ್ಷಣ ನೋಡಿ ಮತ್ತೆ ನೀರಿಗೆ ಬಿಡುತ್ತಿದ್ದ. ಆ ಶುಕ್ರವಾರ ಬೇಲಿಯಾಚೆ ನಿಂತವನ ಮುಖ ಸಪ್ಪಗಿತ್ತು. ಟ್ರೌಟ್ ತಣ್ಣೀರಿನ ಮೀನು, ನೀರು ಕಾದರೆ ಉಸಿರಿಗೇ ಕಷ್ಟ. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಹೋರಾಡಿದರೆ, ಬಿಟ್ಟರೂ ಬದುಕುವುದಿಲ್ಲ ಎಂದ. ನಾಳೆ ಬೆಟ್ಟದಲ್ಲಿರುವ ತನ್ನ ತಂಗಿಯ ಜಮೀನಿಗೆ ಹೋಗಿ ಅಲ್ಲಿನ ಹಳ್ಳ ಹೇಗಿದೆ ನೋಡಿಕೊಂಡು ಬರುತ್ತೇನೆ, ನೀವೂ ಬನ್ನಿ ಎಂದು ಕರೆದ.

ಅವ್ವನಿಗೆ ಹೇಳಿದೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ.

"ಕೊಲ್ಲೂದಿದ್ರ ನಾ ಬರೂದಿಲ್ಲ. ಬರೇ ನೋಡೂದಾದ್ರ ಬುತ್ತಿ ಕಟ್ತೀನಿ," ಎಂದಳು.

ಮರುದಿನ ಅವನ ಟ್ರಕ್ಕಿನಲ್ಲಿ ಫ್ರೆಡರಿಕ್ ಪಟ್ಟಣ ದಾಟಿ, ಬೆಟ್ಟದ ದಾರಿ ಹಿಡಿದು, ಒಂದು ಗಂಟೆಯ ಮೇಲೆ ಹಳ್ಳ ಸೇರಿದೆವು. ನೀರು ಮೊಣಕಾಲಿನಷ್ಟೂ ಇರಲಿಲ್ಲ. ಆತ ದಾರಕ್ಕೆ ಕಟ್ಟಿದ ಥರ್ಮಾಮೀಟರ್ ಇಳಿಬಿಟ್ಟು ನೋಡಿದ: ಎಪ್ಪತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಅರವತ್ತೆಂಟು ದಾಟಿದರೆ ಅವನು ಗಾಳ ಬಿಚ್ಚುವವನಲ್ಲ. ದೊಡ್ಡ ಬಂಡೆಯ ನೆರಳಿನ ಮಡುವಿನಲ್ಲಿ ಐದಾರು ಮೀನುಗಳು ಮೂತಿ ಒಂದೇ ಕಡೆ ಮಾಡಿ, ಕಿವಿರು ಬಡಿಯುತ್ತ ನಿಂತಿದ್ದವು. ನಮ್ಮ ನೆರಳು ಬಿದ್ದರೂ ಕದಲಲಿಲ್ಲ.

"ತೇಕಾಕತ್ತಾವಲ್ಲ ಪಾಪ," ಎಂದಳು ಅವ್ವ.

ಮಡುವಿನ ಮೇಲುಗಡೆ, ಹದಿನೈದಿಪ್ಪತ್ತು ಅಡಿ ದೂರದಲ್ಲಿ ಒಂದು ಒರತೆಯಿದೆಯೆಂದು ಆತ ತೋರಿಸಿದ. ಅಲ್ಲಿ ಥರ್ಮಾಮೀಟರ್ ಐವತ್ತನಾಲ್ಕಕ್ಕೆ ಇಳಿಯಿತು. ಕೈಯಿಟ್ಟರೆ ಬೆರಳು ಜುಮ್ಮೆನ್ನುವ ನೀರು! ಆದರೆ ಒರತೆಯ ಹಳೆಯ ಕಾಲುವೆ ವಸಂತದ ಮಳೆಗೆ ಮಣ್ಣು, ಎಲೆ ತುಂಬಿ ಮುಚ್ಚಿಹೋಗಿತ್ತು. ನೀರು ದಾರಿ ತಪ್ಪಿ, ಬಿಸಿಲಿಗೆ ಕಾದ ಹಾಸುಬಂಡೆಯ ಮೇಲೆ ತೆಳ್ಳಗೆ ಹರಡಿ, ಹಳ್ಳ ಸೇರುವಷ್ಟರಲ್ಲಿ ಸ್ನಾನದ ನೀರಾಗುತ್ತಿತ್ತು.

ನನ್ನೊಳಗಿನ ಇಂಜಿನಿಯರ್ ಎದ್ದಳು. ನಾಲ್ಕಿಂಚಿನ ಪೈಪು, ತಿರುವಿಗೆ ಎರಡು ಎಲ್ಬೋ, ಇಷ್ಟು ಇಳಿಜಾರು ಎಂದು ಕಾಗದದ ಚೀಲದ ಮೇಲೆ ಗೀಚಿ, "ಫ್ರೆಡರಿಕ್‌ಗೆ ವಾಪಸ್ ಡ್ರೈವ್ ಮಾಡಿ ತಂದುಬಿಡೋಣ," ಎಂದೆ. ಆತನೂ ತಲೆಯಾಡಿಸಿದ. ನಾವು ಇಬ್ಬರೂ ಅಳತೆಯ ಬಗ್ಗೆ ಚರ್ಚೆ ಮಾಡುತ್ತಿರುವಾಗ ಹಿಂದಿನಿಂದ ಗುದ್ದಲಿಯ ಸದ್ದು ಕೇಳಿಸಿತು.

ಅವ್ವ ಅವನ ಟ್ರಕ್ಕಿನಿಂದ ಗುದ್ದಲಿ ತೆಗೆದುಕೊಂಡು, ಸೀರೆಯನ್ನು ಕಚ್ಚೆ ಹಾಕಿ, ಹಳೆಯ ಕಾಲುವೆಯ ಬಾಯಿ ಬಿಡಿಸುತ್ತಿದ್ದಳು. ಊರಲ್ಲಿ ಬಾವಿನೀರಿನ ಬದನೆ, ಮೆಣಸಿನಕಾಯಿ ತೋಟಕ್ಕೆ ನಲವತ್ತು ವರ್ಷ ಮಡಿಯಿಂದ ಮಡಿಗೆ ನೀರು ಹಾಯಿಸಿದವಳು ಅವಳು. ನನಗೆ ಅದು ನೆನಪೇ ಆಗಿರಲಿಲ್ಲ.

"ಏನ ನೋಡ್ಕೋತ ನಿಂತಿ? ಆ ಕಡೆ ಒಡ್ಡ ಹಾಕು. ಕಲ್ಲ ಮೊದಲ, ಅದರ ಮ್ಯಾಲ ಎಲಿ, ಆಮ್ಯಾಲ ಕೆಸರ. ಅವಂಗೂ ಹೇಳು, ಸುಮ್ಮನ ನಿಂದರಬ್ಯಾಡ ಅಂತ."

ನಾನು ಅನುವಾದಿಸಿದೆ. ಆರಡಿ ಎತ್ತರದ ಅಂಚೆಯವನು "ಯೆಸ್ ಮ್ಯಾಮ್" ಎಂದು ಮಂಡಿಯೂರಿ, ಎರಡೂ ಕೈಯಿಂದ ಕೆಸರು ಮೆತ್ತತೊಡಗಿದ. ಅವನ ಒಡ್ಡು ಒಂದು ಕಡೆ ಜಿನುಗಿದಾಗ ಅವ್ವ ಲೊಚಗುಟ್ಟಿ, ಹಿಮ್ಮಡಿಯಿಂದ ಎರಡು ಸಲ ತುಳಿದು ಸರಿಮಾಡಿದಳು. ಅರ್ಧ ಗಂಟೆ ಹಿಡಿದಿರಬಹುದು. ಒರತೆಯ ನೀರು ಒಮ್ಮೆ ತಡವರಿಸಿ ಕಾಲುವೆಗೆ ತಿರುಗಿತು. ಮೊದಲು ಕಂದು, ಆಮೇಲೆ ಗಾಜಿನಷ್ಟು ತಿಳಿ. ಪೊದೆಗಳ ನೆರಳಲ್ಲೇ ಹರಿದು ನೇರ ಮಡುವಿಗೆ ಬಿತ್ತು. ಬಿದ್ದಲ್ಲಿ ಐವತ್ತೇಳು ಡಿಗ್ರಿ.

ಮೀನುಗಳು ಬಂಡೆ ಬಿಟ್ಟು ಬರಲಿಲ್ಲ. ನಾವು ದಡದಲ್ಲಿ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆತ ಚಟ್ನಿಯ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಮೂರು ರೊಟ್ಟಿ ತಿಂದ. ನಾಲ್ಕನೆಯದಕ್ಕೆ ಚಾಚಿದ ಕೈಯನ್ನು ಅರ್ಧಕ್ಕೇ ತಡೆದ.

"ನೋಡಿ," ಎಂದು ಪಿಸುಗುಟ್ಟಿದ.

ಒಂದು ಕಪ್ಪು ಗೆರೆ ಬಂಡೆಯ ಕೆಳಗಿನಿಂದ ಹೊರಟು, ತಣ್ಣೀರು ಬೀಳುವಲ್ಲಿಗೆ ಬಂದು ನಿಂತಿತು. ಅದರ ಹಿಂದೆ ಇನ್ನೆರಡು. ಆಮೇಲೆ ಹಳ್ಳದ ಕೆಳಗಿನಿಂದ, ನಾವು ಕಂಡೇ ಇರದವು, ಕೆಂಪು ಚುಕ್ಕೆಯವು, ಬೆರಳುದ್ದದ ಮರಿಗಳು. ಹನ್ನೊಂದರವರೆಗೆ ಎಣಿಸಿದೆ. ಕಿವಿರುಗಳ ಬಡಿತ ನಿಧಾನವಾಗುತ್ತ ಬಂತು. ಒಂದಂತೂ ನೀರಿನ ಮೇಲಿದ್ದ ಹುಳವನ್ನು ಟಪ್ಪೆಂದು ಹಿಡಿದೇಬಿಟ್ಟಿತು. ಅವ್ವ ಚಪ್ಪಾಳೆ ತಟ್ಟಿ, ಮೀನು ಹೆದರೀತೆಂದು ತಟ್ಟನೆ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕಿಸಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ವರ್ಷಗಳೇ ಆಗಿದ್ದವು. ನನ್ನ ಕಣ್ಣೂ ಒದ್ದೆಯಾಯಿತು. ಚಟ್ನಿಯ ನೆಪವಿತ್ತು.

ಮೂರು ದಿನದ ಮೇಲೆ, ಮಂಗಳವಾರ, ಗುಡುಗು ಮಳೆ ಬಂದು ಸೆಕೆ ಮುರಿಯಿತು. ಮುಂದಿನ ಶನಿವಾರ ಹೋದಾಗ ಹಳ್ಳ ತುಂಬಿ, ತಣ್ಣಗೆ, ಮೀನುಗಳೆಲ್ಲ ಚದುರಿಹೋಗಿದ್ದವು. ಈಗ ಗಾಳ ಹಾಕಬಹುದೆಂದು ಆತ ಹಿಗ್ಗಿ ಹೋದ. ಒಂದನ್ನು ಹಿಡಿದು, ನೀರಿನಿಂದ ಎತ್ತದೆಯೇ ಅವ್ವನಿಗೆ ಅದರ ಚುಕ್ಕೆಗಳನ್ನು ತೋರಿಸಿ ಬಿಟ್ಟುಬಿಟ್ಟ. ಅವ್ವ ಅದು ಹೋದ ದಿಕ್ಕನ್ನೇ ನೋಡುತ್ತಿದ್ದವಳು, "ಆ ಕೋಲ ಕೊಡಂತ ಹೇಳು," ಎಂದಳು.

ಆತ ಕೊಕ್ಕೆ ಬಿಚ್ಚಿ, ಬರೀ ನೂಲಿನ ತುದಿಗೆ ಒಂದು ಗಂಟು ಹಾಕಿ ಕೊಟ್ಟ. ಅವ್ವ ಕೋಲನ್ನು ಹಿಂದಕ್ಕೆ ಬೀಸಿ, ಹಕ್ಕಿ ಓಡಿಸುವವಳ ಹಾಗೆ ಜೋರಾಗಿ ಒಗೆದಳು. ನೂಲು ತಲೆಯ ಮೇಲಿನ ಮೇಪಲ್ ಮರದ ಕೊಂಬೆಗೆ ನಾಲ್ಕು ಸುತ್ತು ಸುತ್ತಿಕೊಂಡಿತು. ಎಳೆದಳು. ಎಲೆ ತುಂಬಿದ ಒಂದು ಟೊಂಗೆಯೇ ಮುರಿದು ಅವಳ ಹೆಗಲ ಮೇಲೆ ಬಿತ್ತು.

"ಬರೋಬರಿ ಆತ ಬಿಡು," ಎಂದಳು ಅವ್ವ, ಎಲೆ ಕೊಡವಿಕೊಳ್ಳುತ್ತ. "ಮೀನ ಮುಟ್ಟದ ನಮ್ಮ ಮಂದಿಗೆ ಗಾಳಕ್ಕೂ ತಪ್ಪಲಪಲ್ಯಾನ ಸಿಗಬೇಕು."

ಅದನ್ನು ಇಂಗ್ಲಿಷಿಗೆ ಹೇಗೆ ತರುವುದೆಂದು ನಾನು ಯೋಚಿಸುವಷ್ಟರಲ್ಲಿ ಆತ ಆಗಲೇ ನೀರಿನ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.